ಹೈಸ್ಕೂಲ್ ಮಕ್ಕಳಿಗೆ ಕವಿತೆ ಹಿಡಿಸುವುದು ಹೇಗೆ? ಸಾರಾಂಶವನ್ನು ಕೊನೆಗಿಟ್ಟು ನೋಡಿ

"ಗದ್ಯವನ್ನು ಹೇಗೋ ಓದುತ್ತಾರೆ. ಪದ್ಯ ಅಂದ ತಕ್ಷಣ ಮುಖ ಸಿಂಡರಿಸುತ್ತಾರೆ. ಏನು ಮಾಡೋದು?" ಕನ್ನಡ ಕಲಿಸುವ ಮೇಷ್ಟ್ರು, ಮೇಡಂಗಳು ಇದನ್ನು ಕೇಳುತ್ತಲೇ ಇರುತ್ತಾರೆ. ಎಂಟು, ಒಂಬತ್ತು, ಹತ್ತನೇ ತರಗತಿಯ ಮಕ್ಕಳಿರುವ ಅಪ್ಪ ಅಮ್ಮಂದಿರೂ ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಕೊಡುವ ಬದಲು, ಮಾಡಬೇಕಾದ್ದನ್ನೆಲ್ಲ ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ.

ಮೊದಲೇ ಒಂದು ಮಾತು. ಈ ಮಕ್ಕಳಿಗೆ ಕವಿತೆ ಕಂಡರೆ ಆಗುವುದಿಲ್ಲ ಅನ್ನೋದು ಸುಳ್ಳು. ಸಿನಿಮಾ ಹಾಡಿನ ಸಾಹಿತ್ಯ ಅವರಿಗೆ ಬಾಯಿಪಾಠ. ಕನ್ನಡ ರಾಪ್ ಕೇಳುತ್ತಾರೆ, ಪ್ರಾಸ ತಪ್ಪಿದರೆ ಗೊತ್ತಾಗುತ್ತದೆ. ಆರ್‌ಸಿಬಿ ಗೆದ್ದರೆ ನಾಲ್ಕು ಸಾಲು ಕಟ್ಟಿ ಸ್ಟೇಟಸ್ ಹಾಕುತ್ತಾರೆ. ಅವರಿಗೆ ಬೇಡವಾಗಿರುವುದು ಕವಿತೆಯ ಹಿಂದೆಯೇ ಬರುವ ಮೆರವಣಿಗೆ: ಕವಿ ಪರಿಚಯ, ಪದಗಳ ಅರ್ಥ, ಸಾರಾಂಶ, ಸಂದರ್ಭ ಸಹಿತ ಸ್ವಾರಸ್ಯ, ಒಂದು ವಾಕ್ಯದ ಉತ್ತರ. ಪದ್ಯವನ್ನು ಒಮ್ಮೆಯೂ ಪೂರ್ತಿ ಕೇಳುವ ಮೊದಲೇ ನೋಟ್ಸ್ ಬರೆಯಲು ಕೂರಿಸಿದರೆ ಯಾರಿಗೆ ತಾನೇ ಇಷ್ಟವಾದೀತು? ಹಾಗಾಗಿ ಇಲ್ಲಿರುವ ಎಲ್ಲ ಹಂತಗಳ ತಳದಲ್ಲಿರುವುದು ಒಂದೇ ಮಾತು. ಮೊದಲು ಕಿವಿ, ಆಮೇಲೆ ಬಾಯಿ, ಆಮೇಲೆ ಕೈ. ಅರ್ಥ ಕೊನೆಗೆ.

ಬೇಕಾಗುವ ಸಾಮಾನು ಕಡಿಮೆ. ಒಂದು ಕಪ್ಪು ಹಲಗೆ, ತಟ್ಟಲು ಬೆಂಚು, ಹಳೇ ದಿನಪತ್ರಿಕೆ, ಕತ್ತರಿ, ಗೋಂದು. ಹಾಡು ಕೇಳಿಸಲು ನಿಮ್ಮ ಫೋನು ಅಥವಾ ಸಣ್ಣ ಸ್ಪೀಕರು. ದಿನಕ್ಕೆ ಎರಡು ನಿಮಿಷ, ವಾರಕ್ಕೊಂದು ಪೂರ್ತಿ ಪೀರಿಯಡ್ಡು. ಜೂನ್‌ನಲ್ಲಿ ಶುರು ಮಾಡಿದರೆ ದಸರಾ ರಜೆಯ ಹೊತ್ತಿಗೆ ತರಗತಿಯ ಹವಾ ಬದಲಾಗಿರುತ್ತದೆ. ಜನವರಿಯಲ್ಲಿ, ಪ್ರಿಪರೇಟರಿ ಪರೀಕ್ಷೆಯ ಗಡಿಬಿಡಿಯಲ್ಲಿ ಮಾತ್ರ ಶುರು ಮಾಡಬೇಡಿ.

1. ಯಾಕೆ ಬೇಡ ಅಂತಾರೆ, ಮೊದಲು ತಿಳಿದುಕೊಳ್ಳಿ

"ಬೋರು" ಅನ್ನುವ ಒಂದೇ ಮಾತಿನ ಹಿಂದೆ ಬೇರೆ ಬೇರೆ ತೊಂದರೆಗಳು ಇರುತ್ತವೆ. ಕೆಲವರಿಗೆ ಕನ್ನಡ ಓದುವುದೇ ಕಷ್ಟ. ಒತ್ತಕ್ಷರ ಬಂದಲ್ಲೆಲ್ಲ ತಡವರಿಸುತ್ತಾರೆ, ಹಳಗನ್ನಡ ಅಂದರೆ ಬೆವರುತ್ತಾರೆ. ಇನ್ನು ಕೆಲವರಿಗೆ, ಅದರಲ್ಲೂ ಹುಡುಗರಿಗೆ, ಗೆಳೆಯರ ಎದುರು ಭಾವನೆ ತೋರಿಸಲು ನಾಚಿಕೆ. ಮೂರನೆಯವರು ಚೆನ್ನಾಗಿ ಓದುವವರೇ. ಆದರೆ ಅವರ ಕಣ್ಣು ಅಂಕದ ಮೇಲೆ: "ಇದು ಎಕ್ಸಾಮಿಗೆ ಬರುತ್ತಾ ಮಿಸ್?"

ಮೂವರಿಗೂ ಒಂದೇ ಮದ್ದು ನಡೆಯುವುದಿಲ್ಲ. ಓದಲು ಕಷ್ಟಪಡುವವರಿಗೆ ಕೇಳಿಸಿ, ಪುಸ್ತಕ ಕೊಡಬೇಡಿ. ನಾಚುವವರಿಗೆ ಗುಂಪಿನಲ್ಲಿ ಕೆಲಸ ಕೊಡಿ, ಒಬ್ಬರನ್ನೇ ಎದ್ದು ನಿಲ್ಲಿಸಬೇಡಿ. ಅಂಕದವರಿಗೆ ಏಳನೇ ಹಂತದಲ್ಲಿ ಉತ್ತರ ಇದೆ, ಅದನ್ನು ಮೊದಲ ದಿನವೇ ಹೇಳಿಬಿಡಿ. ಯಾರು ಯಾವ ಗುಂಪು ಅಂತ ತಿಳಿಯಲು ಪ್ರಶ್ನಾವಳಿ ಗಿಶ್ನಾವಳಿ ಏನೂ ಬೇಡ. ಒಂದು ವಾರ ಸುಮ್ನೆ ಗಮನಿಸಿದರೆ ಸಾಕು.

2. ದಿನಕ್ಕೊಂದು ಪುಟ್ಟ ಪದ್ಯ, ಪ್ರಶ್ನೆ ಇಲ್ಲ

ಹಾಜರಿ ಕರೆದ ಕೂಡಲೇ ಹಲಗೆಯ ಮೇಲೆ ಮೂರು ನಾಲ್ಕು ಸಾಲಿನ ಪದ್ಯ ಬರೆಯಿರಿ. ನೀವೇ ಎರಡು ಸಲ ಗಟ್ಟಿಯಾಗಿ ಓದಿ. ಆಮೇಲೆ ಆ ದಿನದ ಪಾಠಕ್ಕೆ ಹೋಗಿ. ಅಷ್ಟೇ. "ಇದರ ಅರ್ಥವೇನು" ಅಂತ ಕೇಳಬೇಡಿ. ಬರೆದುಕೊಳ್ಳಿ ಅಂತಲೂ ಹೇಳಬೇಡಿ.

ಪಠ್ಯದಲ್ಲಿ ಇಲ್ಲದ ಪದ್ಯವನ್ನೇ ಆರಿಸಿ. ಪರೀಕ್ಷೆಗೆ ಇಲ್ಲ ಅನ್ನುವುದೇ ಮಕ್ಕಳ ಭುಜದ ಭಾರ ಇಳಿಸುತ್ತದೆ. ಶುರುವಿಗೆ ಸರ್ವಜ್ಞನ ತ್ರಿಪದಿಗಿಂತ ಒಳ್ಳೆಯದು ಸಿಗುವುದು ಕಷ್ಟ. ತ್ರಿಪದಿ ಅಂದರೆ ಮೂರು ಸಾಲಿನ ಪದ್ಯ.

ಸಾಲವನು ಕೊಂಬಾಗ ಹಾಲೋಗರುಂಡಂತೆ
ಸಾಲಿಗರು ಬಂದು ಎಳೆವಾಗ ಕಿಬ್ಬದಿಯ
ಕೀಲು ಮುರಿದಂತೆ ಸರ್ವಜ್ಞ

ಕಿಬ್ಬದಿ ಅಂದರೆ ಪಕ್ಕೆಯ ಕೆಳಗಿನ ಭಾಗ ಅಂತ ಒಂದು ಮಾತು ಹೇಳಿದರೆ ಮುಗಿಯಿತು. ಮನೆಯಲ್ಲಿ ಇಎಂಐ ಮಾತು ಕೇಳಿ ಬೆಳೆದ ಮಕ್ಕಳು ಇವರು. ಹಿಂದಿನ ಬೆಂಚಿನಿಂದ ಯಾರೋ "ಲೋನ್ ಆ್ಯಪು!" ಅಂತ ಕೂಗಿದರೆ ನಕ್ಕುಬಿಡಿ. ನಾನ್ನೂರು ಐನೂರು ವರ್ಷದ ಹಿಂದಿನ ಪದ್ಯ ಅದಾಗಲೇ ಅರ್ಥವಾಗಿದೆ.

ಮರುದಿನ ಗರತಿಯ ಹಾಡು ಇರಲಿ. ಬೀಸುವಾಗ, ಕುಟ್ಟುವಾಗ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳಿವು:

ಕೂಸು ಇದ್ದ ಮನೆಗೆ ಬೀಸಣಿಗೆ ಯಾತಕ
ಕೂಸು ಕಂದಯ್ಯ ಒಳಹೊರಗ ಆಡಿದರ
ಬೀಸಣಿಗೆ ಗಾಳಿ ಸುಳಿದಾವ

ಆಮೇಲೆ ದಿನಕರ ದೇಸಾಯಿಯವರ ಚುಟುಕ, ಡುಂಡಿರಾಜರ ಹನಿಗವನ. ಚುಟುಕ ಅಂದರೆ ಪ್ರಾಸವಿರುವ ನಾಲ್ಕು ಸಾಲು, ಸಾಮಾನ್ಯವಾಗಿ ಕೊನೆಗೊಂದು ಚಿವುಟು ಇರುತ್ತದೆ. ಹನಿಗವನ ಇನ್ನೂ ಸಡಿಲ, ಮಾತಿನ ಆಟ ಜಾಸ್ತಿ. ನಗು ಬರುವ ಪದ್ಯ ಕವಿತೆಯೇ ಅಲ್ಲ ಅಂತ ಮೂಗು ಮುರಿಯುವವರು ಸ್ಟಾಫ್ ರೂಮಿನಲ್ಲಿ ಒಬ್ಬರಾದರೂ ಇರುತ್ತಾರೆ. ಅವರನ್ನು ಬಿಟ್ಟಾಕಿ.

ಊರನ್ನೂ ನೋಡಿ ಆರಿಸಬೇಕು. ಧಾರವಾಡ, ಹಾವೇರಿ, ಗದಗದ ಕಡೆ ಬೇಂದ್ರೆ ಮತ್ತು ಶಿಶುನಾಳ ಷರೀಫರ ಭಾಷೆ ಮಕ್ಕಳಿಗೆ ಮನೆಮಾತು. ಅಲ್ಲಿ ಗೀಗೀ ಪದವೂ ಇದೆ, ಮೊಹರಂ ಪದವೂ ಇದೆ. ಕರಾವಳಿಯಲ್ಲಿ ಯಕ್ಷಗಾನದ ಪದ್ಯ ಕೇಳದ ಮಗು ಅಪರೂಪ. ಚಾಮರಾಜನಗರ, ಮೈಸೂರು ಸೀಮೆಯಲ್ಲಿ ಮಂಟೇಸ್ವಾಮಿ, ಮಾದಪ್ಪನ ಪದಗಳು ಇನ್ನೂ ಬಾಯಲ್ಲಿವೆ. ಮನೆಯಲ್ಲಿ ಅಜ್ಜಿ ಹಾಡುವುದು "ಜಾನಪದ", ಶಾಲೆಯಲ್ಲಿ ಓದುವುದು "ಕಾವ್ಯ" ಅಂತ ಎರಡು ಗೂಡು ಮಾಡಬೇಡಿ. ಅಜ್ಜಿಯ ಹಾಡನ್ನು ಮನೆಯಲ್ಲೇ ಫೋನಿನಲ್ಲಿ ರೆಕಾರ್ಡ್ ಮಾಡಿ ನಿಮಗೆ ಕಳಿಸಲಿ. ಅದೇ ಮುಂದಿನ ವಾರದ ಹಲಗೆಯ ಪದ್ಯ.

ಎಚ್ಚರ: ಇದನ್ನು ಸುಭಾಷಿತ ಮಾಡಬೇಡಿ. "ಆದ್ದರಿಂದ ಮಕ್ಕಳೇ, ಸಾಲ ಮಾಡಬಾರದು" ಅಂದ ಕ್ಷಣ ಕಿವಿಗಳು ಮುಚ್ಚಿಕೊಳ್ಳುತ್ತವೆ.

3. ಬೆಂಚು ತಟ್ಟಿಸಿ

ಇದು ಅತಿ ಮುಖ್ಯ ಹಂತ. ಇದಕ್ಕೆ ಒಂದು ಪೂರ್ತಿ ಪೀರಿಯಡ್ಡು ಕೊಡಿ. ಪಕ್ಕದ ತರಗತಿಯವರಿಗೆ ಮೊದಲೇ ಹೇಳಿಟ್ಟಿರಿ, ಗಲಾಟೆ ಆಗುತ್ತದೆ.

ಛಂದಸ್ಸು ಅಂದರೆ ಪದ್ಯದ ಲಯದ ಲೆಕ್ಕ. ಅದರಲ್ಲಿ ಎಲ್ಲಕ್ಕಿಂತ ಚಿಕ್ಕ ಅಳತೆ ಮಾತ್ರೆ, ಅಂದರೆ ಒಂದು ಗಿಡ್ಡ ಅಕ್ಷರ ಹೇಳಲು ಹಿಡಿಯುವ ಕಾಲ. ಗಿಡ್ಡ ಅಕ್ಷರ ಲಘು, ಒಂದು ಮಾತ್ರೆ. ಎಳೆದು ಹೇಳುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ, ಸೊನ್ನೆ ಇರುವ ಅಕ್ಷರ ಗುರು, ಎರಡು ಮಾತ್ರೆ. ಇಷ್ಟನ್ನು ಹಲಗೆಯಲ್ಲಿ ಬರೆದು ವಿವರಿಸಿದರೆ ಅರ್ಧ ತರಗತಿ ನಿದ್ದೆ ಮಾಡುತ್ತದೆ. ಅದರ ಬದಲು ಹೆಸರು ಕೂಗಿಸಿ.

ಕಿರಣ: ಮೂರು ತಟ್ಟು. ಮಾಲತಿ: 'ಮಾ'ಗೆ ಎರಡು, 'ಲ', 'ತಿ' ಒಂದೊಂದು, ಒಟ್ಟು ನಾಲ್ಕು. ಪವನ ಮೂರು. ಸಂಜನ ನಾಲ್ಕು. ಪ್ರತಿ ಮಗುವೂ ತನ್ನ ಹೆಸರನ್ನು ಬೆಂಚಿನ ಮೇಲೆ ತಟ್ಟಿ ಎಣಿಸಲಿ. ಮೂರರವರು ಎಡಕ್ಕೆ, ನಾಲ್ಕರವರು ಬಲಕ್ಕೆ. ಎರಡಕ್ಕೂ ಸೇರದವರು ತಾಳ ಹಾಕಲಿ. ಈಗ ಎಡದಿಂದೊಬ್ಬರು, ಬಲದಿಂದೊಬ್ಬರು, ಮತ್ತೆ ಎಡ, ಮತ್ತೆ ಬಲ. ನಾಲ್ವರನ್ನು ಸಾಲಾಗಿ ನಿಲ್ಲಿಸಿ ಹೆಸರು ಕೂಗಿಸಿ: ಕಿರಣ, ಮಾಲತಿ, ಪವನ, ಸಂಜನ. ತಕಿಟ ತಕದಿಮಿ, ತಕಿಟ ತಕದಿಮಿ. ಹದಿನಾಲ್ಕು ಮಾತ್ರೆ. ಭಾಮಿನಿ ಷಟ್ಪದಿಯ ಒಂದು ಸಾಲು ನಿಮ್ಮ ಕಣ್ಣೆದುರು ಯೂನಿಫಾರಂ ಹಾಕಿಕೊಂಡು ನಿಂತಿದೆ!

ಷಟ್ಪದಿ ಅಂದರೆ ಆರು ಸಾಲಿನ ಪದ್ಯ. ಭಾಮಿನಿಯಲ್ಲಿ ಒಂದು, ಎರಡು, ನಾಲ್ಕು, ಐದನೇ ಸಾಲಿಗೆ ತಲಾ 14 ಮಾತ್ರೆ. ಮೂರು ಮತ್ತು ಆರನೇ ಸಾಲು ಉದ್ದ: ತಕಿಟ ತಕದಿಮಿ ಮೂರು ಸಲ, ಕೊನೆಗೊಂದು ಎಳೆದ 'ತಾ'. ಒಟ್ಟು 23. ಕುಮಾರವ್ಯಾಸ ತನ್ನ ಭಾರತವನ್ನೆಲ್ಲ ಹೇಳಿದ್ದು ಈ ಲಯದಲ್ಲೇ. ಹತ್ತನೇ ತರಗತಿಯ ಪಠ್ಯದಲ್ಲಿ ಹಲವರು ಓದಿರುವ ಕರ್ಣನ ಪದ್ಯವನ್ನೇ ತೆಗೆದುಕೊಳ್ಳಿ:

ಮರುಳು ಮಾಧವ ಮಹಿಯ ರಾಜ್ಯದ
ಸಿರಿಗೆ ಸೋಲುವನಲ್ಲ ಕೌಂತೇ
ಯರು ಸುಯೋಧನರೆನಗೆ ಬೆಸಕೈವಲ್ಲಿ ಮನವಿಲ್ಲ
ಹೊರೆದ ದಾತಾರಂಗೆ ಹಗೆವರ
ಶಿರವನರಿದೊಪ್ಪಿಸುವೆನೆಂಬೀ
ಭರದೊಳಿರ್ದೆನು ಕೌರವೇಂದ್ರನ ಕೊಂದೆ ನೀನೆಂದ

ಮೊದಲ ಸಾಲನ್ನು ತಟ್ಟಿಸಿ. ಮರುಳು, ಮಾಧವ, ಮಹಿಯ, ರಾಜ್ಯದ. ಪದಗಳು ಲಯದ ಮೇಲೆ ಸರಿಯಾಗಿ ಬಂದು ಕೂರುತ್ತವೆ. ಎರಡನೇ ಸಾಲಿನಿಂದ ಪದ ಒಂದು ಕಡೆ, ತಾಳ ಒಂದು ಕಡೆ ಒಡೆಯಲು ಶುರುವಾಗುತ್ತದೆ: ಸಿರಿಗೆ, ಸೋಲುವ, ನಲ್ಲ, ಕೌಂತೇ. ಇಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: "ಸಾರ್, 'ಕೌಂತೇಯರು' ಅನ್ನೋದನ್ನು ಎರಡು ಸಾಲಿಗೆ ಯಾಕೆ ಹರಿದರು?" ಉತ್ತರ ಹೇಳಬೇಡಿ. ಪ್ರತಿ ಸಾಲಿನ ಎರಡನೇ ಅಕ್ಷರ ನೋಡಿ ಅನ್ನಿ. ಮರುಳು, ಸಿರಿಗೆ, ಯರು, ಹೊರೆದ, ಶಿರವ, ಭರದೊಳು. ಆರು ಸಾಲಿನಲ್ಲೂ ರಕಾರ. ಇದೇ ಆದಿಪ್ರಾಸ: ಸಾಲಿನ ಶುರುವಿನಲ್ಲಿ, ಎರಡನೇ ವ್ಯಂಜನ ಒಂದೇ ಆಗಿರುವುದು. ರಾಪ್ ಕೇಳುವ ಮಕ್ಕಳಿಗೆ ಸಾಲಿನ ಕೊನೆಯ ಪ್ರಾಸ ಗೊತ್ತು. ಮೊದಲಲ್ಲೇ ಪ್ರಾಸ ಇಟ್ಟು ಸಾವಿರಾರು ಪದ್ಯ ಕಟ್ಟಿದ ಅಂದಾಗ ಕುಮಾರವ್ಯಾಸನ ಮೇಲೆ ಅವರಿಗೆ ಬರುವ ಮರ್ಯಾದೆಯೇ ಬೇರೆ.

ಅರ್ಥದ ಪಾಠ ಇಲ್ಲದೆಯೇ ಕೆಲವು ಸಂಗತಿ ತಾವಾಗಿ ಕಿವಿಗೆ ಬೀಳುತ್ತವೆ. ಕರ್ಣ ಕೃಷ್ಣನಿಗೇ "ಮರುಳು" ಅನ್ನುತ್ತಿದ್ದಾನಲ್ಲ! ಅಷ್ಟು ಸಾಕು, ಆ ದಿನಕ್ಕೆ.

ನಿಮಗೆ ಹಾಡಲು ಬರುವುದಿಲ್ಲವೇ? ಚಿಂತೆ ಬೇಡ. ಗಮಕ ಕೇಳಿಸಿ. ಕಾವ್ಯದ ಪದ್ಯವನ್ನು ರಾಗದಲ್ಲಿ, ಪದ ಸ್ಪಷ್ಟವಾಗಿ ಕೇಳುವಂತೆ ಓದುವ ಕಲೆ ಅದು. ಒಬ್ಬರು ಹಾಡುತ್ತಾರೆ, ಇನ್ನೊಬ್ಬರು ಬಿಡಿಸಿ ಹೇಳುತ್ತಾರೆ. ಶಿವಮೊಗ್ಗದ ಪಕ್ಕದ ಮತ್ತೂರು, ಹೊಸಹಳ್ಳಿಗಳು ಇದಕ್ಕೆ ಹೆಸರಾದ ಊರುಗಳು. ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ ಗಮಕಕ್ಕಾಗಿ 2022ರಲ್ಲಿ ಪದ್ಮಶ್ರೀ ಬಂತು. ಗಮಕಿಗಳ ವಾಚನ ಯೂಟ್ಯೂಬಿನಲ್ಲಿ ಬೇಕಾದಷ್ಟು ಸಿಗುತ್ತದೆ. ಕರಾವಳಿಯವರಾದರೆ ಯಕ್ಷಗಾನದ ಭಾಗವತರು ಹಾಡುವ ಭಾಮಿನಿ ಕೇಳಿಸಿ. ಒಂದು ಪದ್ಯ ಸಾಕು. ಅರ್ಧ ಗಂಟೆಯ ರೆಕಾರ್ಡಿಂಗ್ ಹಾಕಿ ನೀವು ಉತ್ತರಪತ್ರಿಕೆ ತಿದ್ದುತ್ತಾ ಕೂತರೆ ಮಕ್ಕಳಿಗೆ ಅದು ಅರ್ಥವಾಗುತ್ತದೆ.

ಎಚ್ಚರ: ಪ್ರಸ್ತಾರ ಹಾಕುವುದನ್ನು ಈ ದಿನ ಹೇಳಿಕೊಡಬೇಡಿ. ಪ್ರಸ್ತಾರ ಅಂದರೆ ಅಕ್ಷರದ ಮೇಲೆ ಲಘು ಗುರು ಗುರುತು ಹಾಕಿ ಗಣ, ಅಂದರೆ ಮಾತ್ರೆಗಳ ಗುಂಪು, ವಿಂಗಡಿಸುವುದು. ಒಂದು ವಾರ ಬಿಟ್ಟು, ಕೈಗೆ ಲಯ ಹತ್ತಿದ ಮೇಲೆ ಹೇಳಿಕೊಟ್ಟರೆ ಹತ್ತೇ ನಿಮಿಷದ ಕೆಲಸ.

4. "ಅರ್ಥವೇನು" ಬಿಟ್ಟು ಬೇರೆ ಪ್ರಶ್ನೆ ಕೇಳಿ

"ಕವಿಯ ಆಶಯವೇನು?" ಅನ್ನುವ ಪ್ರಶ್ನೆಗೆ ಒಂದೇ ಸರಿಯುತ್ತರ ಇದೆ, ಅದು ಮೇಷ್ಟ್ರ ಜೇಬಿನಲ್ಲಿದೆ ಅಂತ ಮಕ್ಕಳಿಗೆ ಗೊತ್ತು. ಹಾಗಾಗಿ ಯಾರೂ ಬಾಯಿ ಬಿಡುವುದಿಲ್ಲ. ತಪ್ಪಾಗಲು ಸಾಧ್ಯವೇ ಇಲ್ಲದ ಪ್ರಶ್ನೆಯಿಂದ ಶುರು ಮಾಡಿ. ಯಾವ ಪದ ವಿಚಿತ್ರವಾಗಿ ಕೇಳಿಸಿತು? ಯಾವ ಸಾಲನ್ನು ಕಿತ್ತುಹಾಕಬಹುದು? ಇದನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ, ಎಲ್ಲಿ ನಿಂತುಕೊಂಡು?

ಷರೀಫರ 'ಕೋಡಗನ ಕೋಳಿ ನುಂಗಿತ್ತ' ಇದಕ್ಕೆ ಹೇಳಿ ಮಾಡಿಸಿದ ಪದ. ಕೋಡಗ ಅಂದರೆ ಕೋತಿ. ಕೋತಿಯನ್ನು ಕೋಳಿ ನುಂಗಿತು, ಆನೆಯನ್ನು ಆಡು ನುಂಗಿತು, ಗೋಡೆ ಸುಣ್ಣ ನುಂಗಿತು, ಒಳ್ಳು ಒನಕೆಯನ್ನು ನುಂಗಿತು. ಹಾಡು ಕೇಳಿಸಿ, ಆಮೇಲೆ ಒಂದೇ ಪ್ರಶ್ನೆ ಕೇಳಿ: ಇದರಲ್ಲಿ ನಿಜವಾಗಿಯೂ ನಡೆಯುವಂಥದ್ದು ಯಾವುದಾದರೂ ಇದೆಯೇ? ಮೊದಲು ಎಲ್ಲರೂ ಇಲ್ಲ ಅನ್ನುತ್ತಾರೆ. ಸ್ವಲ್ಪ ಹೊತ್ತು ಬಿಡಿ. ಮನೆಗೆ ಸುಣ್ಣ ಬಳಿದು ಗೊತ್ತಿರುವ ಮಗುವೊಂದು ಹೇಳುತ್ತದೆ, ಗೋಡೆ ಸುಣ್ಣ ಕುಡಿಯುತ್ತದಲ್ಲ ಅಂತ. ಒರಳಿಗೆ ಒನಕೆ ಇಳಿಯುವುದು ನುಂಗಿದ ಹಾಗೇ ಅಲ್ವಾ? ಅಲ್ಲಿಂದ ಚರ್ಚೆ ತಾನಾಗಿ ಹೊರಡುತ್ತದೆ. ಕೊನೆಯಲ್ಲಿ ಗುರು ಗೋವಿಂದನ ಪಾದ "ನನ್ನನೇ" ನುಂಗಿತು ಅಂತ ಬರುತ್ತದೆ. ಆ ನುಂಗುವುದು ಯಾವ ಬಗೆಯದು, ಕೋಳಿಯದೋ ಗೋಡೆಯದೋ? ನೀವು ಉತ್ತರ ಕೊಡದೆ ಬೆಲ್ ಹೊಡೆದರೂ ಚಿಂತೆಯಿಲ್ಲ.

ಕರ್ಣನ ಪದ್ಯಕ್ಕೂ ಇಂಥದ್ದೇ ಒಂದು ಪ್ರಶ್ನೆ ಇದೆ. ಕೃಷ್ಣ ಕೈಯಲ್ಲಿ ಆಯುಧ ಹಿಡಿದಿಲ್ಲ, ಯುದ್ಧ ಇನ್ನೂ ಶುರುವಾಗಿಲ್ಲ, ದುರ್ಯೋಧನ ಅರಮನೆಯಲ್ಲಿ ಆರಾಮಾಗಿದ್ದಾನೆ. ಕೃಷ್ಣ ಮಾಡಿದ್ದು ಒಂದೇ: ನೀನು ಕುಂತಿಯ ಮಗ, ಪಾಂಡವರ ಅಣ್ಣ ಅಂತ ಕರ್ಣನಿಗೆ ಹೇಳಿದ. ಹಾಗಿದ್ದರೆ "ಕೌರವೇಂದ್ರನ ಕೊಂದೆ ನೀನು" ಅಂತ ಕರ್ಣ ಯಾಕೆ ಹೇಳಿದ? ಒಂದು ಸುದ್ದಿ ಹೇಗೆ ಕೊಲ್ಲುತ್ತದೆ? ತಮ್ಮಂದಿರು ಅಂತ ಗೊತ್ತಾದ ಮೇಲೆ ಕರ್ಣನ ಕೈ ಮೊದಲಿನಂತೆ ಏಳುವುದಿಲ್ಲ, ಅವನನ್ನೇ ನಂಬಿದ ಗೆಳೆಯ ಅಲ್ಲಿಗೆ ಮುಗಿದ. ಇದನ್ನು ಮಕ್ಕಳೇ ಹೇಳುತ್ತಾರೆ, ಸ್ವಲ್ಪ ಕಾಯಬೇಕು. ಗೆಳೆತನವೇ ಸರ್ವಸ್ವ ಆಗಿರುವ ವಯಸ್ಸು ಅದು. ಕರ್ಣನ ಇಕ್ಕಟ್ಟು ಅವರಿಗೆ ನಮಗಿಂತ ಬೇಗ ತಟ್ಟುತ್ತದೆ.

ಕಾಯುವುದೇ ಕಷ್ಟ. ಪ್ರಶ್ನೆ ಕೇಳಿ ಮೂರು ಸೆಕೆಂಡಿಗೇ ನಾವೇ ಉತ್ತರ ಹೇಳಿಬಿಡುತ್ತೇವೆ. ಮನಸ್ಸಿನಲ್ಲಿ ಇಪ್ಪತ್ತರವರೆಗೆ ಎಣಿಸಿ.

5. ಬರೆಸಿ, ಆದರೆ ಖಾಲಿ ಹಾಳೆ ಕೊಡಬೇಡಿ

"ಪರಿಸರದ ಬಗ್ಗೆ ಒಂದು ಕವನ ಬರೆಯಿರಿ" ಅನ್ನುವುದು ಕವಿತೆಯನ್ನು ದ್ವೇಷಿಸಲು ಕಲಿಸುವ ಸುಲಭ ದಾರಿ. ಮಕ್ಕಳಿಗೆ ಅಚ್ಚು ಕೊಡಿ. ಅಕ್ಕಮಹಾದೇವಿಯ ಈ ವಚನದಲ್ಲಿ ಅಚ್ಚು ಸಿದ್ಧವಾಗಿಯೇ ಇದೆ:

ಬೆಟ್ಟದ ಮೇಲೊಂದು ಮನೆಯ ಮಾಡಿ ಮೃಗಗಳಿಗಂಜಿದೊಡೆಂತಯ್ಯಾ
ಸಮುದ್ರದ ತಡಿಯಲೊಂದು ಮನೆಯ ಮಾಡಿ ನೊರೆತೆರೆಗಳಿಗಂಜಿದೊಡೆಂತಯ್ಯಾ
ಸಂತೆಯೊಳಗೊಂದು ಮನೆಯ ಮಾಡಿ ಶಬ್ದಕ್ಕೆ ನಾಚಿದೊಡೆಂತಯ್ಯಾ

ವಚನ ಅಂದರೆ ಹನ್ನೆರಡನೇ ಶತಮಾನದ ಶರಣರು ಆಡುಮಾತಿಗೆ ಹತ್ತಿರವಾಗಿ ಹೇಳಿದ, ಛಂದಸ್ಸಿನ ಲೆಕ್ಕಕ್ಕೆ ಕಟ್ಟುಬೀಳದ ರಚನೆ. ಇಲ್ಲಿಯ ಅಚ್ಚು ಇಷ್ಟೇ: ಒಂದು ಜಾಗವನ್ನು ನೀನೇ ಆರಿಸಿಕೊಂಡೆ, ಆಮೇಲೆ ಅಲ್ಲಿ ಇದ್ದೇ ಇರುವುದಕ್ಕೆ ಹೆದರಿದರೆ ಹೇಗೆ? ಮೂರನೇ ಸಾಲಿನಲ್ಲಿ ಅಂಜಿಕೆ ಹೋಗಿ ನಾಚಿಕೆ ಬಂದಿರುವುದನ್ನು ಮಕ್ಕಳ ಕಣ್ಣಿಗೆ ಬೀಳಿಸಿ. ಆಮೇಲೆ ತಮ್ಮ ಬದುಕಿನಿಂದ ತಲಾ ಎರಡು ಸಾಲು ಬರೆಯಲಿ. ಶುರು ಮಾಡಲು ಇಂಥ ಒಂದೆರಡು ಸಾಲು ನೀವೇ ಹೇಳಿ:

ಹಾಸ್ಟೆಲಿನಲ್ಲೊಂದು ಮಂಚವ ಹಿಡಿದು ಗೊರಕೆಗಂಜಿದೊಡೆಂತಯ್ಯಾ
ಗೋಲಿನ ಮುಂದೆ ಬಂದು ನಿಂತು ಚೆಂಡಿಗಂಜಿದೊಡೆಂತಯ್ಯಾ
ಫ್ಯಾಮಿಲಿ ಗ್ರೂಪಿಗೆ ಸೇರಿಕೊಂಡು ಗುಡ್ ಮಾರ್ನಿಂಗಿಗಂಜಿದೊಡೆಂತಯ್ಯಾ

ಮೊದಲ ಸುತ್ತಿನಲ್ಲಿ ಬರೀ ತಮಾಷೆ ಬರುತ್ತದೆ. ಬರಲಿ. ಎರಡನೇ ಸುತ್ತಿನಲ್ಲಿ "ಈಗ ನಗು ಬರದ ಒಂದು ಸಾಲು" ಅನ್ನಿ. ಆಗ ನೋಡಿ, ದನಿ ಬದಲಾಗುತ್ತದೆ. ಊರು ಬಿಟ್ಟು ಬಂದವರು, ಕೆಲಸಕ್ಕೆ ಹೋಗುವ ಅಮ್ಮ, ಹತ್ತನೇ ಕ್ಲಾಸಿನ ಭಯ, ಎಲ್ಲ ಆ ಒಂದು ಸಾಲಿಗೆ ಬಂದು ಸೇರುತ್ತವೆ.

ಎಚ್ಚರ: ಅಂಕಿತ ಬಳಸಲು ಬಿಡಬೇಡಿ. ಅಂಕಿತ ಅಂದರೆ ವಚನಕಾರರು ಕೊನೆಯಲ್ಲಿ ಹಾಕುವ ಇಷ್ಟದೈವದ ಹೆಸರು, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ. ಮಕ್ಕಳ ತಮಾಷೆಯ ಕೆಳಗೆ ಆ ಹೆಸರು ಬಂದರೆ ಮನೆಯಿಂದ ದೂರು ಬರಬಹುದು. ಅದು ನ್ಯಾಯವೂ ಹೌದು. ಮೂಲ ವಚನವನ್ನು ಪೂರ್ತಿ ಓದಿ, ಸ್ತುತಿ ನಿಂದೆ ಬಂದರೂ ಸಮಾಧಾನಿಯಾಗಿರಬೇಕು ಅನ್ನುವ ಕೊನೆಯ ಸಾಲುಗಳನ್ನೂ ಕೇಳಿಸಿ, ಆಮೇಲೆ ಅಚ್ಚಿಗೆ ಬನ್ನಿ.

ಬರೆಯಲು ಕಾಗುಣಿತದ ಭಯ ಇರುವವರಿಗೆ ಕತ್ತರಿ ಕೊಡಿ. ಹಳೇ ಪತ್ರಿಕೆಯ ತಲೆಬರಹಗಳಿಂದ ಪದ ಕತ್ತರಿಸಿ, ಆರು ಸಾಲು ಜೋಡಿಸಿ ಅಂಟಿಸಲಿ. ಕ್ರೀಡಾಪುಟದ ಪದ ಮಾರುಕಟ್ಟೆ ದರದ ಪಕ್ಕ ಕೂತಾಗ ಏನೋ ಒಂದು ಕಿಡಿ ಹಾರುತ್ತದೆ. ಇದರಲ್ಲಿ ತಪ್ಪು ಬರೆಯುವ ಪ್ರಶ್ನೆಯೇ ಇಲ್ಲ.

ಮನೆಗೆಲಸವಾಗಿ ಕವಿತೆ ಬರೆಸಬೇಡಿ. ಫೋನಿನಲ್ಲಿ ಎಐ ಆ್ಯಪು ಅರ್ಧ ನಿಮಿಷದಲ್ಲಿ ಹದಿನಾರು ಸಾಲು ಕಕ್ಕುತ್ತದೆ, ನೀವು ಪತ್ತೇದಾರಿಕೆ ಮಾಡುತ್ತಾ ಕೂರಬೇಕಾಗುತ್ತದೆ. ತರಗತಿಯಲ್ಲೇ, ಹತ್ತು ನಿಮಿಷ, ಪೆನ್ನು ಕಾಗದ. ತಿದ್ದುವಾಗ ಕೆಂಪು ಶಾಯಿ ಬೇಡ, ಇಷ್ಟವಾದ ಒಂದು ಸಾಲಿನ ಕೆಳಗೆ ಗೆರೆ ಎಳೆಯಿರಿ.

ಗಟ್ಟಿಯಾಗಿ ಓದುವುದು ಅವರವರ ಇಷ್ಟ ಅಂತ ಮೊದಲೇ ಹೇಳಿ. ಹಾಳೆಯ ಮೂಲೆ ಮಡಚಿದ್ದರೆ ನೀವು ಮಾತ್ರ ಓದುತ್ತೀರಿ ಅನ್ನುವ ನಿಯಮ ಮಾಡಿಕೊಳ್ಳಬಹುದು. ಆದರೆ ಯಾವುದಾದರೂ ಮಗು ತನಗೆ ಹಿಂಸೆಯಾಗುತ್ತಿದೆ, ಬದುಕು ಬೇಡವಾಗಿದೆ ಅನ್ನುವ ಅರ್ಥದಲ್ಲಿ ಬರೆದರೆ ಅದನ್ನು ಕವಿತೆ ಅಂತ ಮೆಚ್ಚಿ ಸುಮ್ಮನಾಗಬೇಡಿ. ಅದೇ ದಿನ ಒಬ್ಬರೇ ಮಾತಾಡಿ, ಮುಖ್ಯ ಶಿಕ್ಷಕರಿಗೆ ತಿಳಿಸಿ. ಮಕ್ಕಳ ಸಹಾಯವಾಣಿ 1098ಕ್ಕೆ ನೀವೂ ಕರೆ ಮಾಡಬಹುದು. ಇಂಥ ಸಂದರ್ಭದಲ್ಲಿ ಗುಟ್ಟು ಕಾಪಾಡಲು ಆಗುವುದಿಲ್ಲ ಅಂತ ಮಕ್ಕಳಿಗೆ ಮೊದಲೇ ಹೇಳಿರಿ.

6. ಜಗಳ ಆಡಿಸಿ

ಉದ್ದದ ಪದ್ಯಗಳಿಗೆ ನಾಟಕವೇ ದಾರಿ. ಕನಕದಾಸರ 'ರಾಮಧಾನ್ಯ ಚರಿತ್ರೆ' ತೆಗೆದುಕೊಳ್ಳಿ. ರಾಗಿ ಮತ್ತು ಅಕ್ಕಿ, ಯಾರು ಹೆಚ್ಚು ಅಂತ ರಾಮನ ಎದುರು ಕಚ್ಚಾಡುತ್ತವೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸುತ್ತಾನೆ. ಹೊರಗೆ ತೆಗೆದಾಗ ಅಕ್ಕಿ ಸೊರಗಿದೆ, ರಾಗಿ ಗಟ್ಟಿಯಾಗಿದೆ. ರಾಘವನ ಹೆಸರೇ ಅದಕ್ಕೆ ಬರುತ್ತದೆ. ಇದೂ ಭಾಮಿನಿಯೇ, ಹಾಗಾಗಿ ಮೂರನೇ ಹಂತದ ಬೆಂಚು ಇಲ್ಲಿ ಕೆಲಸಕ್ಕೆ ಬರುತ್ತದೆ.

ತರಗತಿಯನ್ನು ಎರಡು ಪಾಲು ಮಾಡಿ. ಒಂದು ಪಾಲು ಮುದ್ದೆ, ಇನ್ನೊಂದು ಅನ್ನ. ಪದ್ಯದಲ್ಲಿರುವ ಬೈಗುಳವನ್ನು ಮೊದಲು ಓದಲಿ, ಆಮೇಲೆ ತಮ್ಮದೇ ಮಾತಿನಲ್ಲಿ ಮುಂದುವರಿಸಲಿ. ಯಾರು ಏನು ತಿನ್ನುತ್ತಾರೆ, ಯಾರನ್ನು ಕೀಳಾಗಿ ಕಾಣುತ್ತಾರೆ ಅನ್ನುವ ಮಾತು ತಾನಾಗಿ ಬರುತ್ತದೆ. ಆಗ ಜಗಳವನ್ನು ಧಾನ್ಯಗಳಲ್ಲೇ ಹಿಡಿದಿಡಿ, ಮಕ್ಕಳ ಜಾತಿ, ಮನೆತನದ ಕಡೆ ಜಾರದಂತೆ ನೋಡಿಕೊಳ್ಳಿ.

ಪ್ರೀತಿಯ ಕವಿತೆಗಳ ಬಗ್ಗೆ ಕೇಳುವವರಿಗೆ: ಓದಿಸಿ. ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ' 1942ರದ್ದು, ಗಂಡ ಹೆಂಡಿರ ಒಲವಿನ ಪದ್ಯಗಳು. ಹದಿನೈದರ ವಯಸ್ಸಿನವರು ಕಿಸಿಕಿಸಿ ನಗುತ್ತಾರೆ, ನಗಲಿ. ಜಿ.ಪಿ. ರಾಜರತ್ನಂ ಅವರ 'ರತ್ನನ ಪದಗಳು' ಆಡುಮಾತಿನ ಕಸುವಿಗೆ ಚಿನ್ನದಂಥವು, ಆದರೆ ಹಾಡುವವನು ಕುಡುಕ. ಕನ್ನಡದ ಮೇಲಿನ ಅವನ ಹಟವನ್ನು ಹೇಳುವ ಪದದಂಥವನ್ನು ಆರಿಸಿಕೊಳ್ಳಿ. ಮುಖ್ಯ ಶಿಕ್ಷಕರು ಬಾಗಿಲಲ್ಲಿ ಬಂದು ನಿಂತರೆ ವಿವರಿಸಲು ಸುಲಭವಾಗಬೇಕಲ್ಲ.

7. ಪರೀಕ್ಷೆಗೆ ಜೋಡಿಸಿ

ಎಸ್ಎಸ್ಎಲ್‌ಸಿ ಪ್ರಥಮ ಭಾಷೆಗೆ 125 ಅಂಕ: ಲಿಖಿತ ಪರೀಕ್ಷೆಗೆ 100, ಆಂತರಿಕ ಮೌಲ್ಯಮಾಪನಕ್ಕೆ 25. ಮೇಲೆ ಹೇಳಿದ ಬರವಣಿಗೆ, ನಾಟಕ, ಅಜ್ಜಿಯ ಹಾಡಿನ ಸಂಗ್ರಹ ಎಲ್ಲವನ್ನೂ ಆಂತರಿಕ ಮೌಲ್ಯಮಾಪನದ ಚಟುವಟಿಕೆಯಾಗಿ ದಾಖಲಿಸಬಹುದು. ಲಿಖಿತ ಪರೀಕ್ಷೆಯಲ್ಲಿ ಪದ್ಯಭಾಗ ಪೂರ್ಣಗೊಳಿಸುವುದು, ಪದ್ಯದ ಭಾವಾರ್ಥ, ಪ್ರಸ್ತಾರ ಹಾಕಿ ಛಂದಸ್ಸು ಹೆಸರಿಸುವುದು ಇರುತ್ತವೆ. ಬೆಂಚು ತಟ್ಟಿ ಕಲಿತ ಪದ್ಯ ಬಾಯಿಪಾಠಕ್ಕೆ ಬೇರೆ ಶ್ರಮ ಕೇಳುವುದಿಲ್ಲ, ಪ್ರಸ್ತಾರದಲ್ಲಿ ಗಣ ತಪ್ಪಿದರೆ ಕೈಗೇ ಗೊತ್ತಾಗುತ್ತದೆ. ಇದನ್ನೇ ಅಂಕದ ಮಕ್ಕಳಿಗೆ ಮೊದಲ ದಿನ ಹೇಳಬೇಕಾದ್ದು.

ಸಾರಾಂಶ ಈಗ ಬರೆಸಿ. ನೀವು ಹೇಳಿ ಬರೆಸಬೇಡಿ. ನಾಲ್ಕನೇ ಹಂತದಲ್ಲಿ ಮಕ್ಕಳು ಹೇಳಿದ್ದನ್ನೇ ಹಲಗೆಯ ಮೇಲೆ ಜೋಡಿಸಿ, ವಾಕ್ಯ ತಿದ್ದಿ, ಇಳಿಸಿಕೊಳ್ಳಲಿ. ಗೈಡಿನ ಸಾರಾಂಶಕ್ಕಿಂತ ಭಾಷೆ ಸ್ವಲ್ಪ ಒರಟಾಗಿರಬಹುದು. ಆದರೆ ಪರೀಕ್ಷೆಯಲ್ಲಿ ಮರೆತುಹೋಗುವುದಿಲ್ಲ.

ಪ್ರತಿಭಾ ಕಾರಂಜಿಗೆ ಪದ್ಯ ವಾಚನ, ಭಾವಗೀತೆ, ಜನಪದ ಗೀತೆಗೆ ಹೆಸರು ಕೇಳಿದಾಗ ಪ್ರತಿ ವರ್ಷ ಅದೇ ಇಬ್ಬರು ಹುಡುಗಿಯರನ್ನು ಕಳಿಸುವ ರೂಢಿ ಎಷ್ಟೋ ಶಾಲೆಗಳಲ್ಲಿದೆ. ತರಗತಿಯಲ್ಲೇ ಮೊದಲು ಒಂದು ಸುತ್ತು ನಡೆಸಿ. ಬೆಂಚು ತಟ್ಟುವುದರಲ್ಲಿ ಮುಂದಿರುವ ಹಿಂದಿನ ಬೆಂಚಿನ ಹುಡುಗನನ್ನು ಜನಪದ ಗೀತೆಗೆ ಒಮ್ಮೆ ಕೇಳಿ ನೋಡಿ.

ಮನೆಯಲ್ಲಿ ಮಾಡುವವರಿಗೆ

ಅಪ್ಪ ಅಮ್ಮಂದಿರಿಗೆ ಎರಡು, ಮೂರು ಮತ್ತು ಐದನೇ ಹಂತ ಸಾಕು. ಹಲಗೆಯ ಬದಲು ಫ್ರಿಜ್ಜಿನ ಬಾಗಿಲು. ವಾರಕ್ಕೆರಡು ಪದ್ಯ ಅಂಟಿಸಿ, ಓದಿದೆಯಾ ಅಂತ ಕೇಳಬೇಡಿ. ಕಾರಿನಲ್ಲಿ ಹೋಗುವಾಗ ಒಂದು ಭಾವಗೀತೆ ಹಾಕಿ. ಬಂದವರ ಮುಂದೆ ಮಗುವಿನಿಂದ ಪದ್ಯ ಹೇಳಿಸಬೇಡಿ, ಆ ವಯಸ್ಸಿನಲ್ಲಿ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ.

ಬೆಂಗಳೂರಿನ ಇಂಗ್ಲಿಷ್ ಮಾಧ್ಯಮದಲ್ಲೋ, ಪುಣೆಯಲ್ಲೋ, ಅಮೆರಿಕದಲ್ಲೋ ಬೆಳೆಯುತ್ತಿರುವ, ಕನ್ನಡ ಮಾತಾಡಿದರೂ ಓದಲು ಬಾರದ ಮಕ್ಕಳಿಗೆ ಪದ್ಯವನ್ನು ಕಿವಿಯಿಂದಲೇ ಕೊಡಿ. ತಮಗೆ ಬರುವ ಲಿಪಿಯಲ್ಲಿ ಬರೆದುಕೊಳ್ಳಲಿ, ತಡೆಯಬೇಡಿ. ಹೆಸರು ತಟ್ಟುವ ಆಟಕ್ಕೆ ಲಿಪಿ ಬೇಕಾಗಿಲ್ಲ, ಊಟದ ಮೇಜು ಸಾಕು. ಅಕ್ಷರ ಕಲಿಸುವ ಆಸೆಯಿದ್ದರೆ ಅದಕ್ಕೆ ಬೇರೆ ಹೊತ್ತು ಇಟ್ಟುಕೊಳ್ಳಿ, ಕವಿತೆಯ ಹೊತ್ತಿನಲ್ಲಿ ಕಾಗುಣಿತ ತಿದ್ದಬೇಡಿ.